ಇಪ್ಪತ್ತೆಂಟೋ ಮೂವತ್ತಮೂರೋ

ಹೊಟ್ಟೆಕಿಚ್ಚು ಏನೂ ಇಲ್ಲದವರ ಕಾಯಿಲೆ ಅಂತ ಯಾರು ಹೇಳಿದರೋ, ಅವರು ಈ ಅಕ್ಕನನ್ನು ನೋಡಿರಲಿಲ್ಲ. ಇವಳಿಗೆ ಏನು ಕಡಿಮೆಯಾಗಿತ್ತು ಹೇಳಿ. ಇಪ್ಪತ್ತಾರು ವರ್ಷದ ಗಟ್ಟಿ ನೌಕರಿ, ಸೋರದ ಮನೆ, ಎದುರಾಡದ ಗಂಡ, ಮೇಲಧಿಕಾರಿಗಳ ಬಾಯಲ್ಲೂ ‘ಅಕ್ಕನ್ನ ಕೇಳಿ’ ಅನ್ನುವ ಮಾತು. ಕಚೇರಿಯಲ್ಲಿ ಅವಳಿಗಿಂತ ಹಿರಿಯರೂ ಅವಳನ್ನು ಅಕ್ಕ ಅಂತಲೇ ಕರೆಯುತ್ತಿದ್ದರು. ಇಷ್ಟೆಲ್ಲ ಇಟ್ಟುಕೊಂಡು ಅವಳು ಕರುಬುತ್ತಿದ್ದದ್ದು ಯಾರನ್ನು ನೋಡಿ? ಉಗುರಿನ ಸಂದಿಯಲ್ಲಿ ಸದಾ ಗ್ರೀಸ್ ಇರುವ, ಹತ್ತನೇ ಕ್ಲಾಸಿಗೆ ಎರಡು ಸಲ ಕೂತರೂ ಪಾಸಾಗದ ಸ್ವಂತ ತಂಗಿಯನ್ನು ನೋಡಿ.

ಅಕ್ಕನ ಕೆಲಸ ಏನೆಂದು ಕೇಳಿದರೆ ಅವಳ ಗಂಡನಿಗೇ ಸರಿಯಾಗಿ ಹೇಳಲು ಬರುತ್ತಿರಲಿಲ್ಲ. ‘ಏನೋ ನಂಬರ್ ಹಾಕ್ತಾಳೆ’ ಅನ್ನುತ್ತಿದ್ದ. ಮಾತು ಸುಳ್ಳಲ್ಲ. ಅಂಕಿಅಂಶ ಇಲಾಖೆಯ ಮೂರನೇ ಮಹಡಿಯಲ್ಲಿ ವರ್ಗೀಕರಣ ವಿಭಾಗ. ಪ್ರತಿಯೊಂದು ಕಾರ್ಖಾನೆ, ವರ್ಕ್‌ಶಾಪು, ಶೆಡ್ಡು ತಾನು ಏನು ಮಾಡುತ್ತೇನೆಂದು ವರ್ಷಕ್ಕೊಮ್ಮೆ ಫಾರಂ ತುಂಬಿ ಕಳಿಸಬೇಕು. ಕೆಳಗಿನ ಮಹಡಿಯವರು ಅದರಿಂದ ಹೆಸರು, ವಿಳಾಸ ಎರಡನ್ನೂ ತೆಗೆದು, ಬರೀ ಒಂದು ಕ್ರಮಸಂಖ್ಯೆ ಉಳಿಸಿ ಮೇಲಕ್ಕೆ ಕಳಿಸುತ್ತಾರೆ. ಅಕ್ಕ ಅದನ್ನು ಓದಿ, ಇದು ಇಂಥ ಬಗೆಯ ಕಾರ್ಖಾನೆ ಅಂತ ನಂಬರು ಹಾಕಬೇಕು. ಯಂತ್ರ ತಯಾರಿಸುವವರಿಗೆ ಇಪ್ಪತ್ತೆಂಟು. ಯಾರೋ ತಯಾರಿಸಿದ ಯಂತ್ರವನ್ನು ರಿಪೇರಿ ಮಾಡುವವರಿಗೆ ಮೂವತ್ತಮೂರು. ಇಪ್ಪತ್ತೆಂಟರ ಒಳಗೆ ಮತ್ತೆ ಎರಡು ಓಣಿ: ಎಲ್ಲರಿಗೂ ಬೇಕಾಗುವ ಸಾಮಾನ್ಯ ಯಂತ್ರ, ಒಂದೇ ಕಸುಬಿಗೆ ಒಗ್ಗುವ ವಿಶೇಷ ಯಂತ್ರ. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಅಕ್ಕ ಇದನ್ನು ಎರಡು ಮಾತಲ್ಲಿ ಹೇಳಿಕೊಡುತ್ತಿದ್ದಳು: “ನೋಡ್ರಪ್ಪಾ, ಪಂಪು ಊರಿಗೆಲ್ಲ ನೆಂಟ. ಬೂಟು ಹೊಲಿಯೋ ಯಂತ್ರ ಒಂದೇ ಮನೆ ಸೊಸೆ. ಸೊಸೆ ಸಿಕ್ಕಿದ್ರೆ ವಿಶೇಷ ಅಂತ ಹಾಕಿ.”

ನೂಲು ಸುತ್ತುವ ಯಂತ್ರ, ಚರ್ಮ ಹದ ಮಾಡುವ ಯಂತ್ರ, ಪುಸ್ತಕದ ಬೆನ್ನಿಗೆ ಅಂಟು ಬಳಿಯುವ ಯಂತ್ರ, ಎಲ್ಲವೂ ಅವಳ ಕೈ ದಾಟಿಯೇ ಪಟ್ಟಿಗೆ ಹೋಗಿದ್ದವು. ಒಂದನ್ನಾದರೂ ಕಣ್ಣಾರೆ ಕಂಡಿದ್ದಳೇ ಅಂದರೆ, ಇಲ್ಲ. ಕಾಗದದ ಮೇಲೆ ಅವಳಿಗೆ ತಿಳಿಯದ ಹಲ್ಲು, ಗಾಲಿ, ಬೆಲ್ಟು ಇರಲಿಲ್ಲ; ಕೈಯಲ್ಲಿ ಒಂದು ನಟ್ಟು ಹಿಡಿದವಳಲ್ಲ.

ತಂಗಿಯ ಕಥೆ ಇದಕ್ಕೆ ತಿರುಗಾಮುರುಗ. ಅವರ ಅಪ್ಪ ಹಳೆ ಕಾಲದ ಲೇತ್ ಮೇಸ್ತ್ರಿ. ಉಕ್ಕಿನ ಗಟ್ಟಿಯನ್ನು ಯಂತ್ರಕ್ಕೆ ಕಚ್ಚಿಸಿ, ಗಿರಗಿರನೆ ತಿರುಗಿಸಿ, ಬೇಕಾದ ಆಕಾರಕ್ಕೆ ಕಡೆಯುವ ಕೆಲಸ. ಚಿಕ್ಕಂದಿನಲ್ಲಿ ಅಕ್ಕ ಆ ಅಂಗಡಿಯ ಬಾಗಿಲಲ್ಲಿ ನಿಂತರೆ ‘ನಿನಗ್ಯಾಕಮ್ಮ ಇದು, ಹೋಗಿ ಓದ್ಕೋ’ ಎಂದು ಅಟ್ಟುತ್ತಿದ್ದರು. ಓದು ಹತ್ತದ ತಂಗಿಯನ್ನು ಬೇರೆ ದಾರಿಯಿಲ್ಲದೆ ಒಳಗೆ ಬಿಟ್ಟುಕೊಂಡರು. ಅವರ ಕೈ ನಡುಗಲು ಶುರುವಾದ ಮೇಲೆ ಲೇತು ತಂಗಿಯ ಪಾಲಿಗೆ ಬಂತು, ಅಪ್ಪ ಅಕ್ಕನ ಪಾಲಿಗೆ ಬಂದರು. ಊಟ, ಔಷಧಿ, ಬಿಸಿನೀರು, ಕಾಲಿಗೆ ಎಣ್ಣೆ, ಎಲ್ಲ ಅಕ್ಕನದು. ಆದರೆ ತಟ್ಟೆಯ ಮುಂದೆ ಕೂತ ಕೂಡಲೇ ಅಪ್ಪ ಕೇಳುವುದು ಒಂದೇ: “ಅಂಗಡಿ ಕಡೆ ಹೋಗಿದ್ಯಾ? ಲೇತ್ ಓಡ್ತಾ ಇದೆಯಂತಾ? ಎಣ್ಣೆ ಬಿಟ್ಟಳಂತಾ?” ದಿನಾ ಬಡಿಸಿದವಳ ಕಡೆ ಒಂದು ಸಲ ಕಣ್ಣೆತ್ತಿ, ನಿನ್ನ ದಿನ ಹೇಗಿತ್ತಮ್ಮ ಅಂದವರಲ್ಲ. ಸೌಟು ಹಿಡಿದ ಅಕ್ಕನ ಹೊಟ್ಟೆಯಲ್ಲಿ ಬೆಂಕಿ ಬೀಳುತ್ತಿತ್ತು. ಹಾಕೋಳು ನಾನು, ಹಾಡೋದು ಅವಳನ್ನು ಅಂದುಕೊಳ್ಳುತ್ತಿದ್ದಳು.

ಇಷ್ಟೇ ಆಗಿದ್ದರೆ ನುಂಗಿಕೊಂಡು ಬದುಕುತ್ತಿದ್ದಳೋ ಏನೋ. ಆದರೆ ಬೇಕರಿಗಳ ಹಿಟ್ಟು ಕಲಸುವ ಯಂತ್ರ ರಿಪೇರಿ ಮಾಡಿಕೊಂಡಿದ್ದ ತಂಗಿ ಮೂರು ವರ್ಷ ಹೆಣಗಿ ತಾನೇ ಒಂದು ಯಂತ್ರ ಕಟ್ಟಿಬಿಟ್ಟಳು. ಮೊಟ್ಟೆ ಒಡೆದು ಬಿಳಿಯನ್ನೂ ಹಳದಿಯನ್ನೂ ಬೇರೆ ಮಾಡುವ ಯಂತ್ರ. ಪತ್ರಿಕೆಯೊಂದು ಫೋಟೋ ಹಾಕಿತು: ಯಂತ್ರದ ಮೇಲೆ ಕೈ ಊರಿ, ತಲೆ ಕೆದರಿಕೊಂಡು, ಹಲ್ಲು ಬಿಟ್ಟು ನಿಂತ ತಂಗಿ. ಅಕ್ಕನ ಗಂಡ ಅದನ್ನು ಕತ್ತರಿಸಿ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ. “ನಿನ್ನ ತಂಗಿ ಭಾರಿ ಕಣೇ,” ಅಂದ. ಪುಣ್ಯಾತ್ಮ, ಅದೊಂದು ಮಾತು ಆಡದೆ ಇದ್ದಿದ್ದರೆ ಅವನ ಗಂಟೇನು ಹೋಗುತ್ತಿತ್ತು? ಹಾಲು ತೆಗೆಯುವಾಗ ತಂಗಿ, ತರಕಾರಿ ತೆಗೆಯುವಾಗ ತಂಗಿ. ನಾಲ್ಕನೇ ದಿನ ಅಕ್ಕ ಆ ತುಂಡು ಕಾಗದದ ಮೇಲೆ ದೊಡ್ಡದೊಂದು ಕ್ಯಾಲೆಂಡರ್ ತೂಗುಹಾಕಿದಳು.

ಒಂದು ದಿನ ಅವಳೇ ಅಂಗಡಿಗೆ ಹೋಗಿ ಯಂತ್ರ ನೋಡಿ ಬಂದಳು. ಅಪ್ಪನ ಔಷಧಿ ತರುವ ನೆಪ. ತಂಗಿ ಖುಷಿಯಿಂದ ಎಲ್ಲ ಬಿಚ್ಚಿ ತೋರಿಸಿದಳು. ಮೊಟ್ಟೆ ಕೂರುವ ಗೂಡು, ಕೆಳಗಿನಿಂದ ಏಳುವ ಬ್ಲೇಡು, ಹಳದಿ ತಂಗುವ ಪುಟ್ಟ ಬಟ್ಟಲು. ಬಟ್ಟಲಿನ ಅಂಚು ನುಣುಪಾಯಿತೋ ಇಲ್ಲವೋ ಎಂದು ರೇಷ್ಮೆ ಬಟ್ಟೆಯ ಚೂರೊಂದನ್ನು ಅದರ ಮೇಲೆ ಎಳೆದು ನೋಡುವ ಬಗೆಯನ್ನೂ ತೋರಿಸಿದಳು. “ಹೇಗಿದೆ ಅಕ್ಕ?” ಅಂದಳು. ಚೆನ್ನಾಗಿತ್ತು. ಇಪ್ಪತ್ತಾರು ವರ್ಷ ಕಾಗದದಲ್ಲಿ ಯಂತ್ರ ಓದಿದವಳಿಗೆ, ಇದು ಎಷ್ಟು ಚೆನ್ನಾಗಿದೆ ಅಂತ ಬೇರೆ ಯಾರಿಗಿಂತಲೂ ಹೆಚ್ಚಾಗಿ ಗೊತ್ತಾಯಿತು. ಗೊತ್ತಾದದ್ದೇ ಸಂಕಟ. “ನೆಲ ಸ್ವಲ್ಪ ಗುಡಿಸಬಾರದೇನೇ,” ಅಂದು ಎದ್ದು ಬಂದಳು.

ಅದೇ ಹೊತ್ತಿಗೆ ತಂಗಿಗೆ ಒಂದು ಆಪತ್ತು ಬಂತು. ಅಂಗಡಿ ಇದ್ದ ಹಳೆಯ ಕಟ್ಟಡವನ್ನು ರಸ್ತೆ ಅಗಲ ಮಾಡಲು ಕೆಡವುತ್ತಾರೆ, ತಿಂಗಳ ಕೊನೆಗೆ ಜಾಗ ಖಾಲಿ ಮಾಡಬೇಕು. ಊರಾಚೆ ಸರ್ಕಾರ ಇಪ್ಪತ್ತು ಶೆಡ್ಡು ಕಟ್ಟಿಸಿತ್ತು. ಆದರೆ ಅವು ವಿಶೇಷ ಯಂತ್ರ ತಯಾರಕರಿಗೆ ಮಾತ್ರ, ಅಂದರೆ ಈ ವರ್ಷದ ಪಟ್ಟಿಯಲ್ಲಿ ‘ಇಪ್ಪತ್ತೆಂಟು, ವಿಶೇಷ’ ಎಂದು ಬಂದವರಿಗೆ ಮಾತ್ರ. ಬೇರೆ ಬಾಡಿಗೆ ಜಾಗದಲ್ಲಿ ಅಷ್ಟು ಭಾರದ ಲೇತನ್ನು ಯಾರೂ ಇಟ್ಟುಕೊಳ್ಳಲು ಒಪ್ಪುತ್ತಿರಲಿಲ್ಲ. “ಫಾರಂ ಹಾಕಿದೀನಿ ಅಕ್ಕ,” ಅಂದಳು ತಂಗಿ. “ಶೆಡ್ ಸಿಕ್ರೆ ಬದುಕಿದೆ. ಇಲ್ದಿದ್ರೆ ಲೇತ್ ಮಾರಿ ಯಾರ ಹತ್ರನಾದ್ರೂ ಕೂಲಿಗೆ ಹೋಗಬೇಕು. ನಿಮ್ಮ ಆಫೀಸಿಗೇ ಬರುತ್ತಲ್ವಾ?”

“ಬರುತ್ತೆ. ಯಾರ ಕೈಗೆ ಹೋಗುತ್ತೋ. ಹೆಸರಿರಲ್ಲ,” ಅಂದಳು ಅಕ್ಕ.

ಹೆಸರಿರಲಿಲ್ಲ ನಿಜ. ಆದರೆ ಎಂಟು ದಿನದ ಮೇಲೆ ಅಕ್ಕನ ಮೇಜಿನ ಮೇಲಿದ್ದ ಕಟ್ಟಿನ ಮೂರನೇ ಫಾರಂನಲ್ಲಿ ‘ಮೊಟ್ಟೆಯ ಬಿಳಿ ಮತ್ತು ಹಳದಿ ಬೇರ್ಪಡಿಸುವ ಯಂತ್ರ’ ಎಂದು ಬರೆದಿತ್ತು. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ?

ಇಲ್ಲಿ ಆ ಕಚೇರಿಯ ಎರಡು ಕಟ್ಟಳೆ ಹೇಳಲೇಬೇಕು. ಒಂದು, ಬಂದ ಫಾರಂ ಯಾರದೆಂದು ಗುರುತು ಸಿಕ್ಕರೆ ‘ಗೊತ್ತಿದೆ’ ಎಂಬ ಹಳದಿ ಚೀಟಿ ಅಂಟಿಸಿ ವಾಪಸು ಮಾಡಬೇಕು, ಬೇರೆಯವರು ನೋಡುತ್ತಾರೆ. ಎರಡು, ಪ್ರತಿ ಫಾರಂಗೂ ಇಬ್ಬರು ಬೇರೆಬೇರೆಯಾಗಿ, ಒಬ್ಬರದನ್ನು ಒಬ್ಬರು ನೋಡದೆ ನಂಬರು ಹಾಕಬೇಕು. ಎರಡೂ ಒಂದೇ ಆದರೆ ಸರಿ. ಬೇರೆಯಾದರೆ ಇಬ್ಬರೂ ಸಾಹೇಬರ ಮುಂದೆ ಕೂತು ವಾದ ಮಾಡಬೇಕು, ಸಾಹೇಬರು ಹೇಳಿದ್ದೇ ಕೊನೆ. ವಿಭಾಗದವರು ಇದಕ್ಕೆ ಕುಸ್ತಿ ಅಂತ ಹೆಸರಿಟ್ಟಿದ್ದರು. ಹನ್ನೊಂದು ವರ್ಷದಿಂದ ಅಕ್ಕ ಒಂದೂ ಕುಸ್ತಿ ಸೋತಿರಲಿಲ್ಲ.

ಹಳದಿ ಚೀಟಿಯ ಕಟ್ಟು ಅವಳ ಬಲಗೈಯ ಪಕ್ಕದಲ್ಲೇ ಇತ್ತು. ಒಂದು ಹರಿದಳು. ಹಿಂದಿನ ದಿನ ಊಟದ ಹೊತ್ತಿನಲ್ಲಿ ಅಪ್ಪ ‘ಲೇತ್ ಹೇಗಿದೆಯಂತೆ’ ಎಂದದ್ದು ನೆನಪಾಯಿತು. ಅಷ್ಟು ಸಾಕಾಯಿತು ನೋಡಿ. ಚೀಟಿಯನ್ನು ಮುದುರಿ ಡ್ರಾಯರಿಗೆ ಹಾಕಿ, ಫಾರಂನ ಮೂಲೆಯಲ್ಲಿ ದುಂಡಗೆ, ಮುತ್ತಿನಂಥ ಅಕ್ಷರದಲ್ಲಿ, ಮೂವತ್ತಮೂರು ಎಂದು ಬರೆದಳು. ರಿಪೇರಿಯವಳು. ಬರೆದಾಗ ಎದೆ ತಂಪಾಯಿತು. ಸುಳ್ಳು ಯಾಕೆ ಹೇಳಬೇಕು, ಬಿಸಿಲಲ್ಲಿ ನಡೆದು ಬಂದು ನೀರು ಕುಡಿದಷ್ಟು ತಂಪಾಯಿತು.

ಆ ಫಾರಂನ ಎರಡನೇ ಪ್ರತಿ ಹೋದದ್ದು ಅಡಿಟಿಪ್ಪಣಿಯ ಮೇಜಿಗೆ. ಅಡಿಟಿಪ್ಪಣಿ ಎಂದರೆ ಬೇರೆ ವಿಭಾಗದಿಂದ ವರ್ಗವಾಗಿ ಬಂದ ಒಬ್ಬ ಸಣಕಲು ಮನುಷ್ಯ. ಕೈಪಿಡಿಯ ಪುಟದ ಬುಡದಲ್ಲಿ ಇರುವೆ ಸಾಲಿನಂತೆ ಅಚ್ಚಾಗಿರುವುದನ್ನೂ ಬಿಡದೆ ಓದುವವನು, ಅದಕ್ಕೇ ಆ ಹೆಸರು. ಅವನು ಇಪ್ಪತ್ತೆಂಟು ಹಾಕಿದ್ದ. ಪಟ್ಟಿ ಮುಚ್ಚುವ ದಿನ ಬೆಳಿಗ್ಗೆ ಕುಸ್ತಿ ಎಂದು ಗೊತ್ತಾಯಿತು. ಅಕ್ಕನ ಕುಸ್ತಿ ಅಂದರೆ ಯಾರು ತಪ್ಪಿಸಿಕೊಳ್ಳುತ್ತಾರೆ? ವಿಭಾಗದ ಒಂಬತ್ತು ಮಂದಿಯೂ ಟೀ ಲೋಟ ಹಿಡಿದು ಸಾಹೇಬರ ಕೋಣೆಯ ಗೋಡೆಗೆ ಒರಗಿ ನಿಂತರು.

“ಒಂಬತ್ತನೇ ಕಾಲಂ ನೋಡಿ ಸಾರ್,” ಎಂದು ಅಡಿಟಿಪ್ಪಣಿ ಶುರುಮಾಡಿದ. “ಮೊಟ್ಟೆ ಒಡೆದು ಬಿಳಿ, ಹಳದಿ ಬೇರೆ ಮಾಡೋ ಯಂತ್ರ. ಬೇಕರಿ ಬಿಟ್ರೆ ಯಾರಿಗೂ ಬೇಡ. ಅಕ್ಕನೇ ಹೇಳೋ ಹಾಗೆ ಒಂದೇ ಮನೆ ಸೊಸೆ. ಇಪ್ಪತ್ತೆಂಟು, ವಿಶೇಷ.”

“ಹನ್ನೊಂದನೇ ಕಾಲಮ್ಮೂ ಓದಿ,” ಅಂದಳು ಅಕ್ಕ. “ವರ್ಷಕ್ಕೆ ಯಂತ್ರ ನಾಲ್ಕು, ರಿಪೇರಿ ಅರವತ್ತು. ಅರವತ್ತು ದೊಡ್ಡದೋ ನಾಲ್ಕು ದೊಡ್ಡದೋ?”

“ಎಣಿಕೆ ಲೆಕ್ಕಕ್ಕಿಲ್ಲ ಅಕ್ಕ, ದುಡಿದ ಗಂಟೆ ನೋಡಬೇಕು. ಪುಟದ ಬುಡದಲ್ಲಿದೆ. ಗಂಟೇಲಿ ಮುಕ್ಕಾಲು ಪಾಲು ಯಂತ್ರಕ್ಕೇ ಹೋಗಿದೆ.”

ಅದು ಅಕ್ಕನಿಗೆ ಗೊತ್ತಿರಲಿಲ್ಲವೇ? ಪುಟದ ಬುಡಕ್ಕೆ ಆ ಸಾಲು ಸೇರಿಸಿ ಅಂತ ಎಂಟು ವರ್ಷದ ಹಿಂದೆ ಟಿಪ್ಪಣಿ ಕಳಿಸಿದವಳೇ ಅವಳು. ಅವಳು ಬೇರೆ ಪಟ್ಟು ಹಾಕಿದಳು. “ಹೋಗಿರಲಿ. ಚೌಕಟ್ಟು ಎಲ್ಲಿಂದ ಬಂತು? ‘ಹಿಟ್ಟು ಕಲಸುವ ಹಳೆಯ ಯಂತ್ರದ ಚೌಕಟ್ಟು ಬಳಸಿ’ ಅಂತ ಅವರೇ ಬರ್ಕೊಂಡಿದಾರೆ. ಹಳೇ ಯಂತ್ರಕ್ಕೆ ಹೊಸ ಭಾಗ ಹಾಕಿ ವಾಪಸ್ ಕೊಟ್ರೆ ಅದು ತಯಾರಿಕೆ ಏನ್ರೀ? ಮುರಿದ ಕುರ್ಚಿಗೆ ಕಾಲು ಹಾಕ್ಕೊಟ್ಟವನು, ಕುರ್ಚಿ ಕಾರ್ಖಾನೆ ಅಂತ ಬೋರ್ಡ್ ತಗಲಿಸ್ಕೊಳಕ್ಕಾಗುತ್ತಾ?”

ಗೋಡೆಗೆ ಒರಗಿದ್ದವರು ನಕ್ಕರು. ಅಡಿಟಿಪ್ಪಣಿ ಕೈಪಿಡಿ ತಿರುವಿದ, ತಿರುವಿದ, ಬೆವರು ಒರೆಸಿಕೊಂಡ. ಸಾಹೇಬರು ಪೆನ್ನಿನ ಮುಚ್ಚಳ ತೆಗೆದರು. ಇನ್ನು ಉಳಿದದ್ದು ಒಂದು ಸಹಿ.

“ಹಾಗಾದ್ರೆ ಹಳೇ ಕಲಸೋ ಯಂತ್ರಕ್ಕೆ ಒಂದು ಚಮಚ ಕಟ್ಟಿದಾರೆ, ಅಷ್ಟೇ ತಾನೆ?” ಅಂದರು ಸಾಹೇಬರು. “ಪಾತ್ರೆ ಅಂಗಡೀಲಿ ಸಿಗೋ ಚಮಚ.”

“ಅಷ್ಟೇ ಅನ್ಸುತ್ತೆ ಸಾರ್,” ಎಂದು ಅಡಿಟಿಪ್ಪಣಿಯೂ ಸೋಲೊಪ್ಪಿದ. “ಮೊಟ್ಟೆ ಬೀಳುತ್ತೆ, ಬ್ಲೇಡು ಹೋಳು ಮಾಡುತ್ತೆ, ಚಮಚ ಹಿಡ್ಕೊಳುತ್ತೆ. ದೊಡ್ಡ ವಿದ್ಯೆ ಏನಲ್ಲ.”

ಅಕ್ಕ ಈಗ ಮಾಡಬೇಕಾಗಿದ್ದದ್ದು ಏನು? ಹೂಂ ಅನ್ನಬೇಕಿತ್ತು. ಅದೂ ಬೇಡ, ಸುಮ್ಮನೆ ಕೂತಿದ್ದರೆ ಸಾಕಿತ್ತು. ಆದರೆ ಮನೆಯವರು ಮನೆಯವರನ್ನು ಬೈಯುವುದು ಬೇರೆ, ಬೀದಿಯವರು ಬೈಯುವುದು ಬೇರೆ. ದೊಡ್ಡ ವಿದ್ಯೆ ಏನಲ್ಲ ಅನ್ನುವ ಮಾತು ಕಿವಿಗೆ ಬಿದ್ದದ್ದೇ ಅವಳಿಗೆ ಮೈ ಉರಿಯಿತು. ತಂಗಿಯ ಮೇಲೆ ಉರಿಯುತ್ತಿದ್ದವಳಿಗೆ ತಂಗಿಗಾಗಿಯೂ ಉರಿಯಿತು. ಬಾಯಿ ತಾನಾಗಿ ತೆರೆದುಕೊಂಡಿತು.

“ಪಾತ್ರೆ ಅಂಗಡೀಲಿ ಸಿಗಲ್ಲ ಸಾರ್ ಅದು. ಬ್ಲೇಡು ಹೋಳು ಮಾಡಲ್ಲ. ಹೋಳು ಮಾಡಿದ್ರೆ ಹಳದಿ ಒಡೆದುಹೋಗುತ್ತೆ. ಕೆಳಗಿಂದ ಎದ್ದು ಬಂದು ಚಿಪ್ಪಿಗೆ ಒಂದೇ ಏಟು ತಟ್ಟುತ್ತೆ, ಸ್ವಲ್ಪವೇ ಒಳಗೆ ಹೋಗುತ್ತೆ, ಆಮೇಲೆ ಎರಡು ಬ್ಲೇಡೂ ದೂರ ಸರಿಯುತ್ತೆ. ಒಂದು ಹನಿ ಹಳದಿ ಬಿಳೀಲಿ ಸೇರಿದ್ರೆ ಆ ಬಿಳಿ ನೊರೆ ಬರಲ್ಲ, ಇಡೀ ಪಾತ್ರೆ ದಂಡ. ಆ ಬಟ್ಟಲಿದೆಯಲ್ಲ, ಅದನ್ನ ಉಕ್ಕಿನ ಗಟ್ಟಿಯಿಂದ ಒಂದೊಂದಾಗಿ ಲೇತ್ ಮೇಲೆ ಕಡೀಬೇಕು. ಕಡೆದು ಅಂಚಿನ ಮೇಲೆ ರೇಷ್ಮೆ ಚೂರು ಎಳೆದು ನೋಡ್ಬೇಕು. ಒಂದು ಎಳೆ ಸಿಕ್ಕಿಕೊಂಡ್ರೂ ಆ ಬಟ್ಟಲು ಗುಜರಿಗೆ. ಮೊದಲನೇ ವರ್ಷ ನೂರಕ್ಕೆ ಎಂಬತ್ತು ಗುಜರಿಗೇ ಹೋಯ್ತು. ಮೂರು ವರ್ಷ ಹಿಡೀತು ಸಾರ್, ಆ ಅಂಚು ಕೂಡಿ ಬರೋಕೆ. ಇಂಥದ್ದು ಮಾಡೋರು ಇನ್ನೊಬ್ಬರಿದ್ರೆ ತೋರಿಸಿ ನೋಡೋಣ.”

ಇಡೀ ಕೋಣೆ ಅವಳನ್ನೇ ನೋಡುತ್ತಿತ್ತು. ಅಡಿಟಿಪ್ಪಣಿ ಫಾರಂನ ಮುಂಭಾಗ ಓದಿದ, ಹಿಂಭಾಗ ಓದಿದ, ಮತ್ತೆ ಮುಂಭಾಗಕ್ಕೆ ಬಂದ. ಅವನ ದನಿಯಲ್ಲಿ ಕುಹಕವಿರಲಿಲ್ಲ, ನಿಜವಾಗಿಯೂ ಹುಡುಕುತ್ತಿದ್ದ.

“ಅಕ್ಕ, ರೇಷ್ಮೆ ಯಾವ ಕಾಲಂನಲ್ಲಿದೆ? ನನಗೆ ಸಿಗ್ತಾ ಇಲ್ಲ.”

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಸಾಹೇಬರು ಪೆನ್ನಿಗೆ ಮುಚ್ಚಳ ಹಾಕಿ, “ಯಾರಮ್ಮ ಅವರು?” ಎಂದು ಮೆಲ್ಲಗೆ ಕೇಳಿದರು.

“ನನ್ನ ತಂಗಿ,” ಅಂದಳು ಅಕ್ಕ.

ಎಲ್ಲರನ್ನೂ ಹೊರಗೆ ಕಳಿಸಿ ಸಾಹೇಬರು ಬಾಗಿಲು ಹಾಕಿದರು. ಒಳ್ಳೆಯ ಮನುಷ್ಯ, ಕಷ್ಟವೆಲ್ಲ ಅಲ್ಲೇ. “ಚೀಟಿ ಅಂಟಿಸಬ್ಯಾಡ್ವೇನಮ್ಮ? ನಿಮಗೆ ನಾನು ಹೇಳಿಕೊಡಬೇಕಾ?” ಅಂದರು. ಆಮೇಲೆ ಫಾರಂನ ಮೂಲೆಯ ನಂಬರನ್ನು ನೋಡಿ ತಲೆ ಆಡಿಸಿದರು. “ನಿಮ್ಮ ಮನಸ್ಸು ಅರ್ಥ ಆಗುತ್ತೆ ಬಿಡಿ. ತಂಗಿ ಅಂತ ಸಡಿಲ ಬಿಟ್ಟಳು ಅಂತ ಯಾರೂ ಅನ್ನಬಾರದು ಅಂತ ಬಿಗಿ ಹಿಡಿದಿದೀರಿ. ಒಡಹುಟ್ಟಿದೋರಿಗೂ ನಿಷ್ಠುರ ಆಗೋದು ಎಲ್ಲರಿಂದ ಆಗಲ್ಲ.”

ಅಕ್ಕನ ಕಿವಿಗೆ ಕಾದ ಎಣ್ಣೆ ಬಿಟ್ಟ ಹಾಗಾಯಿತು. ಅಲ್ಲ ಸಾರ್, ಹೊಟ್ಟೆಕಿಚ್ಚಿಗೆ ಹಾಕಿದೆ ಅನ್ನಬೇಕಿತ್ತು. ಅನ್ನಲಿಲ್ಲ. “ಇವರದು ಇಪ್ಪತ್ತೆಂಟೇ ಸಾರ್. ಅಡಿಟಿಪ್ಪಣಿ ಹಾಕಿದ್ದೇ ಸರಿ. ಅದನ್ನೇ ಉಳಿಸಿ,” ಅಂದಳು.

“ಉಳಿಸೋಕೆ ಬರುತ್ತಾ? ಇಬ್ಬರು ಹಾಕಿದ್ದು ಬೇಕು. ನಿಮ್ಮದು ರದ್ದು. ಬೇರೆಯವರಿಗೆ ಕೊಡೋಣ ಅಂದ್ರೆ ಇಡೀ ವಿಭಾಗ ಕುಸ್ತಿ ನೋಡೋಕೆ ಇಲ್ಲೇ ನಿಂತಿತ್ತು. ಯಾರದು, ಏನು ಅಂತ ಗೊತ್ತಿಲ್ಲದೆ ಓದೋರು ಯಾರು ಉಳಿದಿದಾರೆ ಹೇಳಿ. ಸಾಯಂಕಾಲ ಐದಕ್ಕೆ ಪಟ್ಟಿ ಮುಚ್ಚುತ್ತೆ. ಇದು ಮುಂದಿನ ವರ್ಷಕ್ಕೆ.”

ಅಕ್ಕ ಬೇಡಿದಳು. ಅವಳು ಯಾರನ್ನೂ ಬೇಡಿದವಳಲ್ಲ, ಅದಕ್ಕೇ ಅವಳಿಗೆ ಸರಿಯಾಗಿ ಬೇಡಲೂ ಬರಲಿಲ್ಲ. ಸಾಹೇಬರು ಫಾರಂನ ಮೇಲೆ ಅಡ್ಡಗೆರೆ ಎಳೆದು ತಮ್ಮ ಕಪಾಟಿಗೆ ಹಾಕಿದರು.

ಅವಳು ಅಂಗಡಿಗೆ ಹೋದಾಗ ತಂಗಿ ನೆಲದ ಮೇಲೆ ಕೂತು ಸಾಮಾನುಗಳನ್ನು ಡಬ್ಬಿಗೆ ತುಂಬುತ್ತಿದ್ದಳು. ಹೊಸ ಶೆಡ್ಡಿಗೆ ಹೋಗುವ ತಯಾರಿ. ಡಬ್ಬಿಗಳ ಮೇಲೆ ಸೀಮೆಸುಣ್ಣದಲ್ಲಿ ‘ಕಿಟಕಿ ಪಕ್ಕ’, ‘ಲೇತ್ ಎಡಕ್ಕೆ’ ಎಂದು ವಕ್ರವಕ್ರವಾಗಿ ಬರೆದಿದ್ದಳು.

“ಏನಕ್ಕ ಈ ಹೊತ್ತಲ್ಲಿ? ಅಪ್ಪ ಹುಷಾರಿದಾರಾ?”

“ಹುಷಾರಿದಾರೆ. ನಿನಗೆ ಶೆಡ್ ಸಿಗಲ್ಲ.”

ಸುತ್ತಿ ಬಳಸಿ ಹೇಳುವ ತ್ರಾಣ ಅಕ್ಕನಿಗೆ ಉಳಿದಿರಲಿಲ್ಲ. ನಿಂತ ಕಾಲಲ್ಲೇ ಎಲ್ಲ ಹೇಳಿದಳು. ಫಾರಂ ಬಂದದ್ದು, ಗುರುತು ಸಿಕ್ಕಿದ್ದು, ಚೀಟಿ ಮುದುರಿದ್ದು, ಮೂವತ್ತಮೂರು ಹಾಕಿದ್ದು, ಕುಸ್ತಿ, ರೇಷ್ಮೆ, ಅಡ್ಡಗೆರೆ. ತಂಗಿ ಕೈಯಲ್ಲಿದ್ದ ಸ್ಪ್ಯಾನರನ್ನು ಡಬ್ಬಿಗೂ ಹಾಕದೆ ಕೆಳಗೂ ಇಡದೆ ಕೇಳಿದಳು.

“ಮೂವತ್ತಮೂರು ಅಂದ್ರೇನು?”

“ರಿಪೇರಿಯವರು.”

“ನಾನು ಮಾಡಿದ್ದು ಯಂತ್ರ ಅಂತ ನಿನಗೆ ಗೊತ್ತಿತ್ತಾ?”

“ಗೊತ್ತಿತ್ತು.”

“ಮತ್ಯಾಕೆ?”

“ಹೊಟ್ಟೆಕಿಚ್ಚು ಕಣೇ,” ಅಂದಳು ಅಕ್ಕ. “ಅಪ್ಪ ನಿನ್ನನ್ನ ಒಳಗೆ ಕರ್ಕೊಂಡ್ರು, ನನ್ನನ್ನ ಬಾಗಿಲಲ್ಲೇ ನಿಲ್ಲಿಸಿದ್ರು. ಇವತ್ತಿಗೂ ಅನ್ನ ಹಾಕೋಳು ನಾನು, ಬಾಯಲ್ಲಿ ಇರೋದು ನೀನು. ದಿನಾ ನಿನ್ನ ಮಾತೇ. ನನಗೆ ತಡೆಯೋಕಾಗಲಿಲ್ಲ.”

ತಂಗಿ ಸುತ್ತ ನೋಡಿದಳು. ಸುಣ್ಣ ಉದುರಿದ ಗೋಡೆ, ತೂತು ಬಿದ್ದ ಶೀಟು, ಎಣ್ಣೆ ಕುಡಿದು ಕಪ್ಪಾದ ನೆಲ. ಇದರ ಮೇಲೆ ಹೊಟ್ಟೆಕಿಚ್ಚೇ ಎಂದು ಕೇಳುವವಳಂತೆ ನೋಡಿದಳು.

“ಮೂರು ವರ್ಷ,” ಅಂದಳು. “ಮೂರು ವರ್ಷದಲ್ಲಿ ಒಂದು ದಿನ, ಚೆನ್ನಾಗಿದೆ ಕಣೇ ಅಂತ ನಿನ್ನ ಬಾಯಿಂದ ಬರಲಿಲ್ಲ. ಆವತ್ತು ಎಲ್ಲ ಬಿಚ್ಚಿ ತೋರಿಸಿದ್ರೆ ನೆಲ ಗುಡಿಸು ಅಂದೆ. ಅಲ್ಲಿ ಹೋಗಿ ಯಾರ್ಯಾರೋ ಮುಂದೆ ಅಷ್ಟುದ್ದ ಹೇಳಿದ್ಯಾ? ಅದನ್ನ ನನ್ನೆದುರಿಗೆ ಹೇಳಿದ್ದಿದ್ರೆ ಆಗ್ತಿರಲಿಲ್ವಾ ಅಕ್ಕ?”

“ಲೇತನ್ನ ನಮ್ಮನೆ ಮುಂದಿನ ಕೋಣೇಲಿ ಇಡೋಣ. ಗೋಡೆ ಒಡೆಸ್ತೀನಿ,” ಅಂದಳು ಅಕ್ಕ.

“ಇಟ್ಟು? ದಿನಾ ನಿನ್ನ ಕಣ್ಣ ಮುಂದೆ ದುಡೀಲಾ? ಬೇಡ.” ತಂಗಿ ಒಂದು ಡಬ್ಬಿಯ ಮೇಲಿನ ಸೀಮೆಸುಣ್ಣವನ್ನು ಅಂಗೈಯಿಂದ ಒರೆಸಿದಳು, ಇನ್ನೊಂದರದ್ದನ್ನೂ ಒರೆಸಿದಳು. “ಅಪ್ಪನಿಗೆ ನೀನೇ ಹೇಳು ಹೋಗು. ನನ್ನ ಬಾಯಿಂದ ಕೇಳೋದಕ್ಕಿಂತ ನಿನ್ನ ಬಾಯಿಂದ ಕೇಳಿದ್ರೆ ಇನ್ನೂ ಖುಷಿಪಡ್ತಾರೆ.”

ಕೋಪಕ್ಕೆ ಆಡಿದ ಕೊಂಕು ಮಾತು ಎಂದುಕೊಂಡಳು ಅಕ್ಕ. ದಾರಿಯುದ್ದಕ್ಕೂ ಅಪ್ಪನಿಗೆ ಹೇಗೆ ಹೇಳುವುದೆಂದು ಲೆಕ್ಕ ಹಾಕಿದಳು. ಮೇಸ್ತ್ರಿಯ ಪ್ರಾಣವೆಲ್ಲ ಆ ಮಗಳ ಅಂಗಡಿಯಲ್ಲಿದೆ. ಕೇಳಿ ಎದೆ ಒಡೆದುಕೊಂಡರೆ ಏನು ಗತಿ? ಮುಖಕ್ಕೆ ಉಗಿದರೂ ಒರೆಸಿಕೊಂಡು ನಿಲ್ಲಬೇಕು, ಮನೆ ಬಿಟ್ಟು ಹೋಗುತ್ತೇನೆ ಅಂದರೆ ಕಾಲು ಹಿಡಿದಾದರೂ ತಡೆಯಬೇಕು. ತಾನು ಮಾಡಿದ್ದು ತಾನೇ ಉಣ್ಣಬೇಕು.

ಅಪ್ಪ ಜಗಲಿಯ ಬೆಂಚಿನ ಮೇಲೆ ಕೂತು ಬಿಸಿಲು ಕಾಯುತ್ತಿದ್ದರು. ಅವಳು ಚಪ್ಪಲಿಯನ್ನೂ ಬಿಡದೆ ಎದುರು ನಿಂತಳು.

“ಅಪ್ಪ, ಅವಳಿಗೆ ಶೆಡ್ ಸಿಗಲಿಲ್ಲ. ತಪ್ಪಿಸಿದ್ದು ನಾನೇ. ನನ್ನ ಕೈಗೆ ಅವಳ ಫಾರಂ ಬಂದಿತ್ತು. ಅವಳು ಯಂತ್ರ ಮಾಡೋಳಲ್ಲ, ಬರೀ ರಿಪೇರಿಯವಳು ಅಂತ ಬರೆದುಬಿಟ್ಟೆ.”

ಅಪ್ಪ ಅವಳ ಮುಖ ನೋಡಿದರು. ಎಷ್ಟೋ ವರ್ಷದ ಮೇಲೆ ಪೂರಾ, ಕಣ್ಣು ಕೀಲಿಸಿ ನೋಡಿದರು. ಅಕ್ಕ ಏಟು ತಿನ್ನುವವಳಂತೆ ಕಣ್ಣು ಮುಚ್ಚಿಕೊಂಡಳು.

“ಹಾಗಂತ ಬರೆದ್ಯಾ?” ಅಂದರು ಅಪ್ಪ. “ಸದ್ಯ. ಒಳ್ಳೇದಾಯ್ತು ಬಿಡು.”

ಅಕ್ಕ ಕಣ್ಣು ಬಿಟ್ಟಳು.

“ಬಡ್ಕೊಂಡೆ ಅವಳಿಗೆ, ರಿಪೇರಿ ಮಾಡ್ಕೊಂಡು ತೆಪ್ಪಗಿರು ಅಂತ. ಮೊಟ್ಟೆ ಒಡೆಯೋಕೆ ಯಂತ್ರ ಯಾಕೆ, ಜನರಿಗೆ ಕೈಯಿಲ್ವಾ? ಆಟದ ಸಾಮಾನು ಕಡೆದು ಕಡೆದು ನನ್ನ ಲೇತನ್ನ ಸವೆಸಿಬಿಟ್ಟಳು. ದಿನಾ ಕೇಳ್ತೀನಲ್ಲ ನಿನ್ನ, ಲೇತ್ ಇದೆಯಾ ಹೋಯ್ತಾ ಅಂತ. ಈಗಲಾದ್ರೂ ಮಾರ್ತಾಳೆ ಬಿಡು. ಚೆನ್ನಾಗಿ ನೋಡ್ಕೊಳೋರ ಕೈಗೆ ಹೋಗಲಿ ಅದು.”

“ಅಪ್ಪ, ಅದು ಆಟದ ಸಾಮಾನಲ್ಲ. ಅದು ಯಂತ್ರ.”

“ಈಗ ತಂಗಿ ಪರ ಮಾತಾಡಬೇಡ. ಬರೆದಿದ್ದೀಯ, ಸರಿಯಾಗೇ ಬರೆದಿದ್ದೀಯ.” ಅಪ್ಪ ನಗುತ್ತಿದ್ದರು. ಬೆಂಚಿನ ಮೇಲೆ ಪಕ್ಕಕ್ಕೆ ಸರಿದು, ನಡುಗುವ ಕೈಯಿಂದ ಅವಳನ್ನು ಹಿಡಿದು ಕೂರಿಸಿಕೊಂಡರು. “ಯಂತ್ರದ ಬುದ್ಧಿ ನಿನಗೇ ಇರೋದಮ್ಮ. ನಾನು ಗೊತ್ತಿಲ್ಲದೆ ಅವಳನ್ನ ಹಚ್ಚಿದೆ. ನಿನ್ನನ್ನ ಒಳಗೆ ಕರ್ಕೊಬೇಕಾಗಿತ್ತು.”

ನಲವತ್ತು ವರ್ಷ ಕಾದ ಮಾತು. ಬೇಡ ಅಪ್ಪ, ವಾಪಸ್ ತಗೋ ಅನ್ನಬೇಕೆಂದು ಅಕ್ಕನಿಗೆ ಬಾಯಿ ತುದಿಗೆ ಬಂತು. ಅಪ್ಪ ಅವಳ ತಲೆಯ ಮೇಲೆ ಕೈ ಇಟ್ಟರು. ಅವಳು ತಲೆ ತಗ್ಗಿಸಿಕೊಂಡು ಕೂತೇ ಇದ್ದಳು, ಅವರು ತೆಗೆಯುವವರೆಗೂ ಏಳಲಿಲ್ಲ.